ಕಾಡಿನವರಿಂದಲೇ ಕಾಡಿನ ಕಾವಲು ಸಾಧ್ಯವೇ?

ಕೆನಡಾ ದೇಶದ ಪಶ್ಚಿಮ ಕರಾವಳಿಯಾಚೆ ಹೈಡಾ ಎಂಬ ಮೂಲನಿವಾಸಿಗಳ ದ್ವೀಪಗಳಿವೆ. ಅಲ್ಲಿನ ಗ್ವಾಯಿ ಹಾನಾಸ್ ಎಂಬ ರಕ್ಷಿತ ಪ್ರದೇಶವನ್ನು 1993ರ ಒಪ್ಪಂದದಂತೆ ಹೈಡಾ ಜನರೂ ಸರಕಾರವೂ ಸರಿಸಮನಾಗಿ ಕುಳಿತು ನೋಡಿಕೊಳ್ಳುತ್ತಾರೆ. 2010ರಲ್ಲಿ ಸುತ್ತಲಿನ ಕಡಲೂ ಈ ಏರ್ಪಾಡಿಗೆ ಸೇರಿತು. ನಮ್ಮ ನೆರೆಯ ವಯನಾಡಿಗೆ ಕಡಲಿಲ್ಲ, ಕಾಡಿದೆ. ಅಲ್ಲಿ ಇಂಥದು ನಡೆದೀತೇ ಎಂಬುದನ್ನು ವಿಚಾರಮಾಡೋಣ.

1973ರಲ್ಲಿ ಸ್ಥಾಪನೆಯಾದ ವಯನಾಡು ಅಭಯಾರಣ್ಯದ ವಿಸ್ತಾರ ಸುಮಾರು 344 ಚದರ ಕಿಲೋಮೀಟರು. ಬಂಡೀಪುರ, ನಾಗರಹೊಳೆ, ಮುದುಮಲೆ ಕಾಡುಗಳು ಅದಕ್ಕೆ ಹೊಂದಿಕೊಂಡಿವೆ. ಅದರೊಳಗೂ ಅಂಚಿನಲ್ಲೂ ಕಾಟ್ಟುನಾಯಕರು, ಪಣಿಯರು, ಕುರುಮರು ವಾಸಿಸುತ್ತಾರೆ. ಕಾಟ್ಟುನಾಯಕರು ನಮ್ಮ ಜೇನುಕುರುಬರ ಬಂಧುಗಳೆನ್ನಬಹುದು. ಅವರ ಮಾತೂ ಕನ್ನಡಕ್ಕೆ ಹತ್ತಿರ. ಎತ್ತರದ ಮರದಿಂದ ಹೆಜ್ಜೇನು ಇಳಿಸುವುದರಲ್ಲಿ ಅವರು ನಿಪುಣರು.

ಮೊದಲು ನೋಡಬೇಕಾದದ್ದು ಹಕ್ಕನ್ನು. ಭೂಮಿಗಾಗಿ ಮುತ್ತಂಗ ಕಾಡಿನಲ್ಲಿ ಗುಡಿಸಲು ಹಾಕಿದ್ದ ಆದಿವಾಸಿಗಳನ್ನು 2003ರ ಫೆಬ್ರವರಿಯಲ್ಲಿ ಪೊಲೀಸರು ತೆರವುಗೊಳಿಸಿದಾಗ ಒಬ್ಬ ಆದಿವಾಸಿಯೂ ಒಬ್ಬ ಪೊಲೀಸನೂ ಪ್ರಾಣ ಕಳೆದುಕೊಂಡರು. ಕಾಡಿನ ಒಡೆಯ ಯಾರು, ಅತಿಕ್ರಮಿಸಿದವ ಯಾರು ಎಂಬ ವ್ಯಾಜ್ಯ ಅಷ್ಟು ಕಹಿಯಾಗಿತ್ತು. 2006ರ ಅರಣ್ಯ ಹಕ್ಕು ಕಾಯಿದೆ ಸಮುದಾಯದ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕನ್ನು ಗ್ರಾಮಸಭೆಯ ಮೂಲಕ ಜನರಿಗೆ ಕೊಟ್ಟಿದೆ. ಅಭಯಾರಣ್ಯಕ್ಕೂ ಅದು ಅನ್ವಯಿಸುತ್ತದೆ. ಕಾನೂನಿನ ಅಡ್ಡಿ ಇಲ್ಲವೆಂದೇ ಹೇಳಬೇಕು.

ಇನ್ನು ತಿಳಿವಳಿಕೆ. ಇದಕ್ಕೆ ನಮ್ಮ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವನ್ನೇ ನೋಡಬಹುದು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ 25 ಸೋಲಿಗ ಗ್ರಾಮಸಭೆಗಳ ಸಮುದಾಯ ಹಕ್ಕೂ ಮಾನ್ಯವಾಯಿತು. ಹಿಂದೆ ಸೋಲಿಗರು ಬೇಸಗೆಯ ಆರಂಭದಲ್ಲೇ ಒಣಗಿದ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಇದಕ್ಕೆ 'ತರಗು ಬೆಂಕಿ' ಎಂದು ಹೆಸರು. ನೆಲದ ಮೇಲಿನ ಕಸ ಸುಡುತ್ತಿತ್ತು, ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ. ಇದನ್ನು ನಿಲ್ಲಿಸಿದ ಮೇಲೆ ಲಾಂಟಾನಾ ಪೊದೆ ಕಾಡನ್ನೆಲ್ಲ ಮುಚ್ಚಿತು, ನೆಲ್ಲಿ ಮರಗಳಿಗೆ 'ಉಪ್ಪಿಲು' ಎಂಬ ಬದನಿಕೆ ಹತ್ತಿತು ಎಂಬುದು ಅವರ ವಾದ. ವಿಜ್ಞಾನಿಗಳು ಇದನ್ನು ತಳ್ಳಿಹಾಕದೆ ಪರೀಕ್ಷೆಗೆ ಎತ್ತಿಕೊಂಡರು. ವಯನಾಡಿಗೂ ಇಂಥ ಪೀಡೆ ಉಂಟು: ಹಳದಿ ಹೂ ಬಿಡುವ, ಅಮೆರಿಕಾ ಖಂಡದಿಂದ ಬಂದ ಸೆನ್ನಾ ಮರ. ಅದರ ನೆರಳಿನಲ್ಲಿ ಹುಲ್ಲು ಬೆಳೆಯದು, ಜಿಂಕೆಗೆ ಮೇವಿಲ್ಲ.

ಕಾಡಿನ ಕಾವಲುಗಾರರಲ್ಲಿ ಈಗಲೂ ಎಷ್ಟೋ ಮಂದಿ ಆದಿವಾಸಿಗಳೇ. ಆದರೆ ಕೂಲಿಗೆ ಕಳೆ ಕೀಳುವುದು ಬೇರೆ, ಯಾವ ಕಳೆಯನ್ನು ಯಾವಾಗ ಕೀಳಬೇಕೆಂದು ತೀರ್ಮಾನಿಸುವುದು ಬೇರೆ. ಎರಡನೆಯದು ಕೈಗೆ ಬಾರದೆ ಈ ಯೋಜನೆಗೆ ಅರ್ಥವಿಲ್ಲ.

ತೊಡಕುಗಳೂ ಇವೆ. ಕಾಡಿನೊಳಗೆ ಗದ್ದೆಯುಳ್ಳ ರೈತರಿದ್ದಾರೆ. ಎಲ್ಲ ಬುಡಕಟ್ಟುಗಳ ಅಗತ್ಯವೂ ಒಂದೇ ಅಲ್ಲ. ಆನೆಯಂತೂ ಮೂರು ರಾಜ್ಯಗಳ ಗಡಿಯನ್ನು ದಾಟಿ ಓಡಾಡುತ್ತದೆ. ಒಂದು ಗ್ರಾಮಸಭೆ ಅದನ್ನು ಕಾಯಲಾರದು. ಆದುದರಿಂದ ಇಡೀ ಅಭಯಾರಣ್ಯವನ್ನು ಒಮ್ಮೆಗೇ ವಹಿಸುವುದು ಕಷ್ಟ. ಒಂದೆರಡು ಹಾಡಿಗಳು ತಮ್ಮ ಜೇನುಮರ, ದೇವರ ಬನ, ನೀರಿನ ತಾಣಗಳ ನಕ್ಷೆ ಬರೆದು, ಅಷ್ಟರ ಕಾವಲನ್ನು ಇಲಾಖೆಯೊಡನೆ ಸರಿಪಾಲಿನಲ್ಲಿ ಹೊರುವುದು ಮಾತ್ರ ಇಂದೇ ಆಗಬಹುದಾದ ಕೆಲಸ.