ಕರು ಹಾಕಿದ ಹಸುವಿಗೆ ಗರ್ಭಕೋಶದ ಒಳಪದರವೇ ಕಾವಲು

ಕರು ಹಾಕಿ ತಿಂಗಳುಗಳು ಕಳೆದರೂ ಹಸು ಬೆದೆಗೆ ಬರುವುದಿಲ್ಲ, ಬಂದರೂ ಗಬ್ಬ ನಿಲ್ಲುವುದಿಲ್ಲ. ಹೈನುಗಾರರ ಈ ದೂರಿನ ಮೂಲ ಎಷ್ಟೋ ಬಾರಿ ಕರು ಹಾಕಿದ ಮೊದಲ ಎರಡು ವಾರಗಳಲ್ಲೇ ಅಡಗಿರುತ್ತದೆ.

ಹೆರಿಗೆಯ ವೇಳೆ ಗರ್ಭಕೋಶದ ಬಾಯಿ ತೆರೆದುಕೊಂಡಾಗ ಸಗಣಿ, ಕೊಟ್ಟಿಗೆಯ ನೆಲ ಹಾಗೂ ಹಸುವಿನ ಮೈಮೇಲಿನ ಬ್ಯಾಕ್ಟೀರಿಯಾಗಳು ಒಳಸೇರುತ್ತವೆ. ಇದರಿಂದ ಪಾರಾಗುವ ಹೈನು ಹಸು ಅಪರೂಪ. ಆದರೂ ಬಹುಪಾಲು ಹಸುಗಳು ಕೆಲವೇ ವಾರಗಳಲ್ಲಿ ಅವನ್ನು ತಾವೇ ಹೊರಹಾಕುತ್ತವೆ.

ಸೋಂಕಿನ ವಿರುದ್ಧ ಹೋರಾಡುವುದು ರಕ್ತದ ಬಿಳಿಕಣಗಳ ಕೆಲಸ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಇಲ್ಲಿ ಆ ಬಿಳಿಕಣಗಳನ್ನು ಕರೆಯುವವರಲ್ಲಿ ಎಂಡೊಮೆಟ್ರಿಯಂ ಎನ್ನಲಾಗುವ ಒಳಪದರದ ಜೀವಕೋಶಗಳೂ ಇವೆ. ಇ. ಕೊಲೈ ಬ್ಯಾಕ್ಟೀರಿಯಾದ ಹೊರಕವಚದ ಲಿಪೊಪಾಲಿಸ್ಯಾಕರೈಡ್ ಎಂಬ ಅಂಶವನ್ನು ಈ ಜೀವಕೋಶಗಳ ಟೋಲ್-ಲೈಕ್ ರಿಸೆಪ್ಟರ್ 4 ಎಂಬ ಗ್ರಾಹಕ ಗುರುತಿಸುತ್ತದೆ. ಒಡನೆಯೇ ಇಂಟರ್‌ಲ್ಯೂಕಿನ್ 6 ಮತ್ತು 8 ಎಂಬ ಸಂದೇಶವಾಹಕಗಳು ಹೊರಬರುತ್ತವೆ. ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ಧಾವಿಸಿ ಬಂದು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಕೀವಿನಲ್ಲಿ ಹೆಚ್ಚಾಗಿ ಕಾಣುವುದು ಹೀಗೆ ಸತ್ತ ಬಿಳಿಕಣಗಳೇ.

ಟ್ರೂಪೆರೆಲ್ಲಾ ಪಯೋಜೆನಿಸ್ ಎಂಬ ಬ್ಯಾಕ್ಟೀರಿಯಾದ ದಾಳಿ ಬೇರೆ ಬಗೆಯದು. ಅದು ಸ್ರವಿಸುವ ಪಯೋಲೈಸಿನ್ ಎಂಬ ವಿಷ, ಕೊಲೆಸ್ಟರಾಲ್ ಇರುವ ಜೀವಕೋಶ ಪೊರೆಗೆ ರಂಧ್ರ ಕೊರೆಯುತ್ತದೆ. ಈ ವಿಷವನ್ನು ಒಳಪದರದ ಮೇಲ್ಮೈ ಜೀವಕೋಶಗಳು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ, ಅವುಗಳ ಕೆಳಗಿರುವ ಸ್ಟ್ರೋಮಾ ಜೀವಕೋಶಗಳು ಸುಲಭವಾಗಿ ಸಾಯುತ್ತವೆ ಎಂಬುದನ್ನು ಬ್ರಿಟನ್ನಿನ ಸ್ವಾನ್‌ಸೀ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿದರು. ಹೆರಿಗೆಯಲ್ಲಿ ಮೇಲ್ಮೈ ಹರಿದು ಕೆಳಪದರ ಬಯಲಾಗುವುದೇ ಆತಂಕದ ಸಂಗತಿ. ಬೀಳದೆ ಉಳಿದ ಕಸವನ್ನು ಕೈಹಾಕಿ ಎಳೆಯಬೇಡಿ ಎಂದು ಪಶುವೈದ್ಯರು ಎಚ್ಚರಿಸುವುದು ಇಂಥ ಗಾಯಗಳನ್ನು ತಪ್ಪಿಸಲೆಂದೇ.

ಈ ಕಾಳಗದ ಬೆಲೆಯನ್ನು ಅಂಡಾಶಯವೂ ತೆರಬೇಕಾಗುತ್ತದೆ. ರೋಗಪೀಡಿತ ಹಸುಗಳ ಅಂಡಕೋಶಿಕೆಯ ದ್ರವದಲ್ಲಿ ಲಿಪೊಪಾಲಿಸ್ಯಾಕರೈಡ್ ಪತ್ತೆಯಾಗಿದೆ. ಅದು ಬೆದೆಗೆ ಬೇಕಾದ ಈಸ್ಟ್ರಡಯಾಲ್ ಹಾರ್ಮೋನಿನ ಉತ್ಪಾದನೆಯನ್ನು ಕುಗ್ಗಿಸುತ್ತದೆ. ಸೋಂಕು ವಾಸಿಯಾದ ಮೇಲೂ ಹಸು ಗಬ್ಬ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ. ಕರು ಹಾಕಿದ ಹೊಸತರಲ್ಲಿ ತಿನ್ನುವ ಮೇವಿಗಿಂತ ಹೆಚ್ಚಿನ ಶಕ್ತಿಯನ್ನು ಹಾಲಿಗೆ ವ್ಯಯಿಸುವ ಹಸುಗಳಲ್ಲಿ ಬಿಳಿಕಣಗಳ ಸಾಮರ್ಥ್ಯವೂ ತಗ್ಗಿರುತ್ತದೆ.

ಮೊದಲ ಹತ್ತು ದಿನಗಳಲ್ಲಿ ದುರ್ವಾಸನೆಯ, ನೀರಾದ ಕಂದುಗೆಂಪು ಸ್ರಾವದೊಂದಿಗೆ ಜ್ವರ ಕಾಣಿಸಿದರೆ ಒಳಪದರದ ಕಾವಲು ಸೋಲುತ್ತಿದೆ ಎಂದೇ ತಿಳಿದು ಪಶುವೈದ್ಯರನ್ನು ಕರೆಸಬೇಕಾಗುತ್ತದೆ.