ದೆವ್ವಕ್ಕೆ ಸಾಕ್ಷಿ ಯಾರು?

ದೆವ್ವ ಉಂಟೆ, ಇಲ್ಲವೆ ಎಂಬ ಪ್ರಶ್ನೆಯನ್ನು ವಿದ್ಯಾವಂತರು ನಕ್ಕು ತಳ್ಳಿಹಾಕುವುದು ರೂಢಿಯಾಗಿದೆ. ನನಗೂ ದೆವ್ವದಲ್ಲಿ ನಂಬಿಕೆಯಿಲ್ಲ. ಆದರೆ ವಿಚಾರಿಸದೆ ‘ಉಂಟು’ ಎನ್ನುವವನಿಗೂ ವಿಚಾರಿಸದೆಯೇ ‘ಇಲ್ಲ’ ಎನ್ನುವವನಿಗೂ ಹೆಚ್ಚಿನ ಭೇದವನ್ನು ನಾನು ಕಾಣೆ. ಇದು ಬರಿಯ ಹರಟೆಯ ವಿಷಯವೂ ಅಲ್ಲ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಊಟ ಬಿಟ್ಟು ಮೂಲೆ ಸೇರಿದಳೆಂದರೆ ‘ದೆವ್ವ ಬಡಕೊಂಡೈತಿ’ ಎಂಬ ತೀರ್ಪು ಹೊಸ್ತಿಲಲ್ಲಿಯೇ ಹೊರಬೀಳುವುದುಂಟು. ಆ ತೀರ್ಪಿನ ಶಿಕ್ಷೆಯಾದರೋ ಅವಳ ಮೈಮೇಲೆ. ಒಬ್ಬರ ಬೆನ್ನಿಗೆ ಬಾರುಕೋಲು ತಾಗುವ ಮೊದಲು ಸಾಕ್ಷಿ ಕೇಳುವುದು ನ್ಯಾಯವಲ್ಲವೆ?

ಸಾಕ್ಷಿ ಎಂದರೆ ಏನೆಂಬುದನ್ನು ನಮ್ಮ ಕಾನೂನು ಬಹಳ ಹಿಂದೆಯೇ ಹೇಳಿದೆ. 1872ರ ಸಾಕ್ಷ್ಯ ಅಧಿನಿಯಮದ 60ನೆಯ ಕಲಮಿನ ತಾತ್ಪರ್ಯ ಇಷ್ಟು: ಕಂಡ ಸಂಗತಿಯನ್ನು ಕಂಡವನೇ ಹೇಳಬೇಕು, ಕೇಳಿದ್ದನ್ನು ಕೇಳಿದವನೇ ಹೇಳಬೇಕು. 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ನಿಯಮವನ್ನು ಬಿಟ್ಟಿಲ್ಲ. ಕುರಿ ಕದ್ದವನ ವಿಚಾರಣೆಗೆ ಬೇಕಾದ ಈ ಎಚ್ಚರ ದೆವ್ವದ ವಿಚಾರಣೆಗೆ ಬೇಡವೆನ್ನಲು ಕಾರಣವಿಲ್ಲ.

ಈ ಅಳತೆಗೋಲನ್ನು ಹಿಡಿದು ರಜೆಯಲ್ಲಿ ನಮ್ಮ ವಳಕಮದಿನ್ನಿಯ ಹಿರಿಯರನ್ನು ಕೇಳುತ್ತ ಹೋದೆ. ದೆವ್ವದ ಕಥೆ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. “ನೀವೇ ಕಣ್ಣಾರೆ ಕಂಡೀರೇನು ಕಾಕಾ?” ಎಂದರೆ ಮಾತ್ರ, “ನಾ ಕಂಡಿಲ್ಲೋ ತಮ್ಮಾ, ನಮ್ಮ ದೊಡ್ಡಪ್ಪ ಕಂಡಿದ್ದ” ಎಂಬ ಉತ್ತರ. ಆ ದೊಡ್ಡಪ್ಪ ತೀರಿಕೊಂಡು ವರ್ಷಗಳಾಗಿರುತ್ತವೆ. ಪಟ್ಟಣಿಗರು ನಗಬೇಕಾಗಿಲ್ಲ. 1990ರ ದಶಕದಲ್ಲಿ, ರಾತ್ರಿ ಮನೆಯವರ ದನಿಯಲ್ಲಿ ಕರೆದು ಬಾಗಿಲು ತೆರೆಸುವ ದೆವ್ವವೊಂದರ ಸುದ್ದಿ ಹಬ್ಬಿ, ಬೆಂಗಳೂರಿನಂಥ ನಗರದ ಬಾಗಿಲುಗಳ ಮೇಲೂ ‘ನಾಳೆ ಬಾ’ ಎಂಬ ಬರಹ ಮೂಡಿತ್ತು. ಬರೆದವರು ಅಸಂಖ್ಯ, ಕರೆ ಕೇಳಿ ಬಾಗಿಲು ತೆರೆದವರು ಯಾವಾಗಲೂ ಪಕ್ಕದ ಬಡಾವಣೆಯವರು!

ಹಾಗೆಂದು ಕಂಡವರೇ ಇಲ್ಲವೆಂದಲ್ಲ. ಈ ವಿಷಯದಲ್ಲಿ ಅತ್ಯಂತ ಶ್ರಮಪಟ್ಟವರು 1882ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ‘ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್’ ಸಂಘದವರು. ಅದರ ಮೊದಲ ಅಧ್ಯಕ್ಷರು ಕೇಂಬ್ರಿಜ್ಜಿನ ತತ್ತ್ವಶಾಸ್ತ್ರಜ್ಞ ಹೆನ್ರಿ ಸಿಡ್ಜ್‌ವಿಕ್. ಸಂಘವು ಸುಮಾರು 17,000 ಜನರನ್ನು, ‘ಪೂರ್ಣ ಎಚ್ಚರದಲ್ಲಿದ್ದಾಗ ಹೊರಗಿನ ಕಾರಣವಿಲ್ಲದೆ ಯಾವುದಾದರೂ ರೂಪವನ್ನು ಕಂಡಿರಾ, ದನಿಯನ್ನು ಕೇಳಿದಿರಾ, ಸ್ಪರ್ಶವನ್ನು ಅನುಭವಿಸಿದಿರಾ?’ ಎಂದು ಕೇಳಿ 1894ರಲ್ಲಿ ವರದಿ ಪ್ರಕಟಿಸಿತು. ಹತ್ತರಲ್ಲಿ ಒಬ್ಬರಷ್ಟು ಮಂದಿ ಹೌದೆಂದರು. ಇವರೆಲ್ಲ ಸುಳ್ಳುಗಾರರೆನ್ನಲು ನನಗೆ ಧೈರ್ಯವಿಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿಯುಂಟು: ಗುರುತು ಹಿಡಿಯಲಾದ ರೂಪಗಳಲ್ಲಿ ಸತ್ತವರಿಗಿಂತ ಬದುಕಿದ್ದವರದೇ ಹೆಚ್ಚು. ಬದುಕಿರುವವನ ರೂಪವೂ ಅವನಿಲ್ಲದೆಡೆ ಕಾಣುವುದಾದರೆ, ಕಂಡದ್ದಷ್ಟರಿಂದಲೇ ಅದು ಪ್ರೇತವೆಂದು ಸಾಧಿಸುವುದು ಹೇಗೆ?

ಸಂಘದವರ ಬಲವಾದ ವಾದ ಬೇರೆ. ದೂರದಲ್ಲಿ ಒಬ್ಬನು ಸತ್ತ ಗಳಿಗೆಯಲ್ಲಿಯೇ ಅವನ ರೂಪ ಬಂಧುವಿಗೆ ಕಂಡಿತೆಂಬ ಪ್ರಕರಣಗಳನ್ನು ಎಣಿಸಿ, ಇವು ಆಕಸ್ಮಿಕಕ್ಕೆ ನಿಲುಕದಷ್ಟು ಹೆಚ್ಚೆಂದು ಅವರು ತೀರ್ಮಾನಿಸಿದರು. ನಾನು ಓದಿದ್ದರಲ್ಲಿ ನನ್ನ ಅಪನಂಬಿಕೆಯನ್ನು ಸ್ವಲ್ಪ ಅಲುಗಿಸಿದ್ದು ಇದೊಂದೇ. ಆದರೆ ವಿಮರ್ಶಕರು ಕೇಳಿದ ಪ್ರಶ್ನೆ ಸರಳವಾದದ್ದು: ಸಾವಿನ ಸುದ್ದಿ ತಲಪುವ ಮೊದಲೇ ‘ಇಂಥ ದಿನ ಇಂಥವರನ್ನು ಕಂಡೆ’ ಎಂದು ಬರೆದಿಟ್ಟ ಕಾಗದವೆಲ್ಲಿ? ಅಂಥ ಕಾಗದಗಳು ತೀರ ವಿರಳ. ಹೆಚ್ಚಿನವು ಎಷ್ಟೋ ವರ್ಷಗಳ ತರುವಾಯ ನೆನಪಿನಿಂದ ಹೇಳಿದವು, ನೆನಪಾದರೋ ಸುದ್ದಿ ತಿಳಿದ ಮೇಲೆ ತಾರೀಖುಗಳನ್ನು ತಾನೇ ಹೊಂದಿಸಿಕೊಳ್ಳಬಲ್ಲದು.

ಉಳಿದ ಅನುಭವಗಳಲ್ಲಿ ಹಲವಕ್ಕೆ ಕಾರಣ ಹೇಳಬಹುದು. ನಡುರಾತ್ರಿ ಎಚ್ಚರವಾದಾಗ ಎದೆಯ ಮೇಲೆ ಯಾರೋ ಕುಳಿತಂತಾಗುವುದು, ಕೂಗಲು ದನಿ ಹೊರಡದಿರುವುದು ಅನೇಕರ ಅನುಭವ. ಕನಸಿನ ನಿದ್ರೆಯಲ್ಲಿ ಕೈಕಾಲಿನ ಸ್ನಾಯುಗಳು ತಡೆಹಿಡಿಯಲ್ಪಟ್ಟಿರುತ್ತವೆ. ತಡೆ ಬಿಡುವ ಮೊದಲೇ ಎಚ್ಚರವಾದರೆ ಕನಸು ಕಣ್ಣೆದುರೇ ಮುಂದುವರಿಯುತ್ತದೆ. ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬವರು ತಮ್ಮ ಪ್ರಯೋಗಶಾಲೆಯಲ್ಲಿ ಬೂದುಬಣ್ಣದ ಆಕೃತಿಯೊಂದನ್ನು ಕಂಡು ಬೆವತರು. ಮರುದಿನ ಹಿಡಿಕೆಗೆ ಸಿಕ್ಕಿಸಿದ್ದ ಕತ್ತಿಯ ಅಲಗು ತಾನಾಗಿ ನಡುಗುವುದನ್ನು ನೋಡಿ, ಕಾರಣವನ್ನು ಹುಡುಕುತ್ತ ಹೋಗಿ ಒಂದು ಫ್ಯಾನನ್ನು ಹಿಡಿದರು. ಅದು ಸೆಕೆಂಡಿಗೆ ಸುಮಾರು 19 ಕಂಪನಗಳ, ಕಿವಿಗೆ ಕೇಳಿಸದ ಸದ್ದನ್ನು ಹುಟ್ಟಿಸುತ್ತಿತ್ತೆಂದು 1998ರಲ್ಲಿ ಬರೆದರು. ಈ ಒಂದು ಫ್ಯಾನಿನಿಂದ ಎಲ್ಲ ದೆವ್ವಗಳನ್ನೂ ಓಡಿಸಲಾಗದು, ನಿಜ. ಆದರೆ ಬೆವತ ಮನುಷ್ಯ ಮಂತ್ರವಾದಿಯ ಬಳಿಗೆ ಹೋಗದೆ ಅಲಗಿನ ಬಳಿಗೆ ಹೋದನಲ್ಲ, ಆ ಕ್ರಮ ನನಗೆ ಹಿಡಿಸಿತು.

ಪಣವೊಡ್ಡಿ ಕರೆದವರೂ ಉಂಟು. ಶ್ರೀಲಂಕೆಯಲ್ಲಿ ನೆಲೆಸಿದ್ದ ಕೇರಳದ ಅಬ್ರಹಾಂ ಕೋವೂರ್ ಅವರು ಅತಿಮಾನುಷ ಶಕ್ತಿಯನ್ನು ಪರೀಕ್ಷೆಗೆ ಒಡ್ಡಿ ಗೆದ್ದವರಿಗೆ ಒಂದು ಲಕ್ಷ ರೂಪಾಯಿಯೆಂದು 1963ರಲ್ಲಿ ಸಾರಿದರು. 1978ರಲ್ಲಿ ಅವರು ತೀರಿಕೊಳ್ಳುವವರೆಗೂ ಹಣ ಉಳಿದೇ ಇತ್ತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯನ್ನು ನೇಮಿಸಿದ್ದನ್ನು ವಾಚಕರು ಬಲ್ಲರು.

ಇನ್ನು ಮೈಮೇಲೆ ಬರುವ ವಿಷಯ. ನಮ್ಮ ಕಡೆಯವರು ಇಂಥವರನ್ನು ಕಲಬುರಗಿ ಜಿಲ್ಲೆಯ ಗಾಣಗಾಪುರದ ದತ್ತಾತ್ರೇಯನ ಸನ್ನಿಧಿಗೆ ಕರೆದೊಯ್ಯುವುದುಂಟು. ಅಲ್ಲಿ ಕೂಗಾಡುವವರನ್ನು ‘ನಟನೆ’ ಎನ್ನುವುದು ಕ್ರೌರ್ಯ. ಅವರ ಸಂಕಟ ನಿಜವಾದದ್ದು, ಸಂದೇಹ ಅದರ ಹೆಸರಿನ ಬಗ್ಗೆ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದುಕೊಂಡಿದ್ದ 31 ಮಂದಿ ಮನೋರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಂತೆ, ಅವರ ರೋಗಲಕ್ಷಣಗಳು ಸುಮಾರು ಐದನೆಯ ಒಂದು ಪಾಲು ಇಳಿದಿದ್ದವು. ಅಲ್ಲಿ ಹೊಡೆತವಿರಲಿಲ್ಲ, ನೆರಳು, ಸಣ್ಣಪುಟ್ಟ ಕೆಲಸ, ಜೊತೆಗೆ ಮನೆಯವರು ಇದ್ದರು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ರೋಗಿಗಳು ಓಡಲಾರದೆ ಹೋದರು. ಸತ್ತವರು 28 ಮಂದಿ.

ಕರ್ನಾಟಕವು 2017ರಲ್ಲಿ ಅಂಗೀಕರಿಸಿ 2020ರಲ್ಲಿ ಜಾರಿಗೆ ತಂದ, ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಅಧಿನಿಯಮವು ದೆವ್ವ ಉಂಟೋ ಇಲ್ಲವೋ ಎಂಬ ಗೊಡವೆಗೆ ಹೋಗುವುದಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಅಪರಾಧವೆನ್ನುತ್ತದೆ, ಅಷ್ಟೆ. ನಮ್ಮೂರ ಹಿರಿಯರಿಗೆ ಇದನ್ನು ಓದಿ ಹೇಳಿದೆ. ಒಬ್ಬ ಅವ್ವ ಮಾತ್ರ, “ಹಂಗಾದ್ರ ಮತ್ತ ಎಲ್ಲಿಗೆ ಒಯ್ಯಬೇಕಪಾ?” ಎಂದು ಕೇಳಿದಳು. 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್‌ನ 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಕರೆದರೂ ದುಡ್ಡು ಬೀಳುವುದಿಲ್ಲ, ಕನ್ನಡದಲ್ಲಿಯೇ ಮಾತಾಡುತ್ತಾರೆ ಎಂದು ಹೇಳಿ, ಅವಳ ಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಟ್ಟೆ.