ಪೋಷಕರ ಮೊಕದ್ದಮೆ ಮತ್ತು ಶಾಲೆಯ ಹೊಣೆ: ಮಾರ್ಗದರ್ಶಕ ಶಿಕ್ಷಕರು ತಿಳಿದಿರಬೇಕಾದದ್ದು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಹೆಚ್ಚಿನ ಶಾಲೆಗಳಲ್ಲಿ ಪ್ರತ್ಯೇಕ ಆಪ್ತಸಮಾಲೋಚಕರಿಲ್ಲ. ತರಗತಿ ಶಿಕ್ಷಕರೇ ಆ ಕೆಲಸವನ್ನೂ ನೋಡಿಕೊಳ್ಳುತ್ತಾರೆ. ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಯ ತರಗತಿಯಲ್ಲೂ ತಂದೆ-ತಾಯಿ ಬೇರೆಯಾದ ಮಗುವಿರಬಹುದು.

ಒಂದು ಸನ್ನಿವೇಶ ಭಾವಿಸೋಣ. ಆರನೇ ತರಗತಿಯ ಹುಡುಗಿ ತಾಯಿಯೊಂದಿಗೆ ಅಜ್ಜಿಯ ಮನೆಯಲ್ಲಿದ್ದಾಳೆ. ಮಧ್ಯಾಹ್ನ ತಂದೆ ಶಾಲೆಗೆ ಬಂದು, “ಮಗಳನ್ನು ಕಳಿಸಿ ಸಾರ್” ಎನ್ನುತ್ತಾರೆ. ತಾಯಿ ಫೋನಿನಲ್ಲಿ, “ಕೋರ್ಟಿನಲ್ಲಿ ಕೇಸಿದೆ, ಕಳಿಸಬೇಡಿ ಸಾರ್” ಎನ್ನುತ್ತಾರೆ. ಶಿಕ್ಷಕರು ಏನು ಮಾಡಬೇಕು?

ಮೊದಲು ಆದೇಶದ ಪ್ರತಿ ಕೇಳಬೇಕು. ಮೊಕದ್ದಮೆ ಹೂಡಿದ ಮಾತ್ರಕ್ಕೆ ಯಾರ ಹಕ್ಕೂ ಹೋಗುವುದಿಲ್ಲ. ವಕೀಲರ ನೋಟಿಸು ನ್ಯಾಯಾಲಯದ ಆದೇಶವಲ್ಲ. ಮಧ್ಯಂತರ ಆದೇಶವಿದ್ದರೆ ಅದರಲ್ಲಿರುವಂತೆಯೇ ನಡೆಯಬೇಕು. ಆದೇಶವಿಲ್ಲದಿದ್ದರೆ ಒಬ್ಬರ ಹಕ್ಕು ರದ್ದಾಯಿತೆಂದು ಹೇಳುವ ಅಧಿಕಾರ ಶಾಲೆಗಿಲ್ಲ. ಹಾಗೆಂದು ಪಾಠದ ನಡುವೆ ಮಗುವನ್ನು ಎಬ್ಬಿಸಿ ಕಳಿಸುವ ಅವಸರವೂ ಬೇಡ. ಮುಖ್ಯ ಶಿಕ್ಷಕರಿಗೆ ತಿಳಿಸಿ, ಇಬ್ಬರೊಡನೆಯೂ ಮಾತನಾಡಿ, ನಡೆದದ್ದನ್ನು ಬರೆದಿಡಬೇಕು.

ಯಾವ ನ್ಯಾಯಾಲಯ?

1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯಡಿ ವಿಚ್ಛೇದನ, ಜೀವನಾಂಶ, ಮಗುವಿನ ಪೋಷಕತ್ವ ಮತ್ತು ಸುಪರ್ದಿ ಪ್ರಕರಣಗಳು ಕುಟುಂಬ ನ್ಯಾಯಾಲಯಕ್ಕೆ ಸೇರುತ್ತವೆ. ಅಲ್ಲಿ ಮೊದಲು ರಾಜಿಗೆ ಪ್ರಯತ್ನ ನಡೆಯುತ್ತದೆ. ಯಾರಾದರೂ ಒಬ್ಬರು ಬಯಸಿದರೆ ವಿಚಾರಣೆ ಗೋಪ್ಯವಾಗಿ ನಡೆಯಬೇಕು. ಕುಟುಂಬ ನ್ಯಾಯಾಲಯದ ವ್ಯಾಪ್ತಿಗೆ ಬಾರದ ಪ್ರದೇಶಗಳಲ್ಲಿ ಇವನ್ನು ಇತರ ನ್ಯಾಯಾಲಯಗಳು ನಡೆಸುತ್ತವೆ. ಆದ್ದರಿಂದ ‘ಕುಟುಂಬ ನ್ಯಾಯಾಲಯ’ ಎಂಬ ಹೆಸರಿಲ್ಲವೆಂದು ತಾಲ್ಲೂಕು ನ್ಯಾಯಾಲಯದ ಆದೇಶವನ್ನು ಕಡೆಗಣಿಸಬಾರದು.

ಮಗು ಯಾರ ಬಳಿ?

ಇದಕ್ಕೆ ಮುಖ್ಯ ಅಳತೆಗೋಲು ಮಗುವಿನ ಹಿತ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಇದನ್ನೇ ಹೇಳುತ್ತದೆ. 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದೂ ಸೂಚಿಸುತ್ತದೆ. ತಿಳಿದು ಹೇಳುವಷ್ಟು ವಯಸ್ಸಾದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಗಮನಿಸಬಹುದು ಎಂಬುದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಲ್ಲಿದೆ. ಆ ಇಚ್ಛೆಯನ್ನು ಕೇಳುವುದು ನ್ಯಾಯಾಧೀಶರ ಕೆಲಸ. “ನಿನಗೆ ಅಪ್ಪ ಬೇಕೋ, ಅಮ್ಮ ಬೇಕೋ?” ಎಂದು ಶಿಕ್ಷಕರು ಕೇಳಿದರೆ, ಮಗುವಿನ ಮೇಲೆ ಹೊರಲಾರದ ಭಾರ ಹೊರಿಸಿದಂತೆ.

ಶಾಲೆಯ ದಾಖಲೆ

ಪೋಷಕತ್ವದ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೆ ಸಲ್ಲಿಸಬೇಕು. ಮಗು ಎಲ್ಲಿತ್ತು ಎಂಬುದಕ್ಕೆ ದಾಖಲಾತಿ ವಹಿ, ಹಾಜರಿ ಪುಸ್ತಕಗಳು ಸಾಕ್ಷ್ಯವಾಗಬಲ್ಲವು. ಯಾರ ಒತ್ತಾಯಕ್ಕೂ ಇವುಗಳನ್ನು ತಿದ್ದಬಾರದು. ಜಗಳೂರಿನ ಮಗು ತಾಯಿಯೊಂದಿಗೆ ಹೊನ್ನಾಳಿಗೆ ಬಂದರೆ, ವರ್ಗಾವಣೆ ಪತ್ರ ತಡವಾಯಿತೆಂದು 8ನೇ ತರಗತಿಯವರೆಗೆ ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಸ್ಪಷ್ಟಪಡಿಸಿದೆ.

ಸಮಾಲೋಚನಾ ಟಿಪ್ಪಣಿಯಲ್ಲಿ ಕಂಡದ್ದು, ಕೇಳಿದ್ದು ಮಾತ್ರ ಇರಲಿ. “ತಂದೆ ಬೇಜವಾಬ್ದಾರಿ” ಎಂಬುದು ಅಭಿಪ್ರಾಯ. “ಈ ವಾರ ಮಗು 3 ದಿನ ಊಟ ಮಾಡಲಿಲ್ಲ; ರಾತ್ರಿ ನಿದ್ದೆ ಬರುವುದಿಲ್ಲ ಎಂದಿತು” ಎಂಬುದು ದಾಖಲೆ. ಬೋಧನಾಭ್ಯಾಸದ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಗಳಿಗೆ ಈ ಎರಡರ ವ್ಯತ್ಯಾಸವನ್ನು ಬರೆಸಿ ಅಭ್ಯಾಸ ಮಾಡಿಸುವುದು ಒಳ್ಳೆಯದು.

ಗೋಪ್ಯತೆಗೂ ಮಿತಿಯಿದೆ. ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಗು ಅಪಾಯದಲ್ಲಿದ್ದರೆ 1098ಕ್ಕೆ ಕರೆ ಮಾಡಬೇಕು. ವಕೀಲರನ್ನಿಡಲು ಹಣವಿಲ್ಲವೆನ್ನುವ ತಾಯಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿ ತೋರಿಸಬಹುದು. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ, ಸಹಾಯವಾಣಿ 15100.

ತೀರ್ಪಿಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೂ ಮಗು ದಿನವೂ ಶಾಲೆಗೆ ಬರುತ್ತದೆ. ಅಲ್ಲಾದರೂ ಅದನ್ನು ಯಾರ ಪಕ್ಷಕ್ಕೂ ಎಳೆಯದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.